ಹೆತ್ತವರ ಸಮ್ಮತಿಯೂ ಅರ್ಪಿತಧರ್ಮವೂ

ವೀರಶೈವ ಗೃಹಸ್ಥನ ಮನೆಯಲ್ಲಿ ಕೂಸು ಹುಟ್ಟುವುದಕ್ಕಿಂತ ಮೊದಲೇ ಅದರ ಧರ್ಮಜೀವನವು ಆರಂಭವಾಗುವುದುಂಟು. ಬಸುರಿಗೆ ಎಂಟನೆಯ ತಿಂಗಳು ನಡೆಯುವಾಗ ಗುರುವು ಗರ್ಭದಲ್ಲಿರುವ ಶಿಶುವಿಗೆಂದು ಲಿಂಗವನ್ನು ಅನುಗ್ರಹಿಸುವನು. ತಾಯಿಯು ಅದನ್ನು ಜೋಪಾನ ಮಾಡುವಳು. ಕೂಸು ಹುಟ್ಟಿ ಅದರ ಮೈಮೇಲೆ ಲಿಂಗವನ್ನು ಕಟ್ಟಿದ ಮೇಲೂ, ಅದು ತನ್ನ ಅಂಗೈಯಲ್ಲಿ ತಾನೇ ಲಿಂಗವನ್ನಿಟ್ಟು ಪೂಜಿಸಲು ಕಲಿಯುವ ತನಕ ಹೆತ್ತವಳೇ ಅದರ ಪರವಾಗಿ ಪೂಜಿಸುವಳು. ಕೂಸು ಇದನ್ನು ಬೇಡಲಿಲ್ಲ. ಬೇಡುವ ಬಾಯಿಯೂ ಅದಕ್ಕೆ ಇರಲಿಲ್ಲ. ಅದರ ಪರವಾಗಿ ಒಪ್ಪಿಕೊಂಡವರು ತಾಯಿತಂದೆಗಳು. ಒಪ್ಪಿಕೊಂಡ ದಿನದಿಂದ, ಮಗುವಿನ ಬುದ್ಧಿ ಬಲಿತು ಅದು ತನ್ನ ಭಾರವನ್ನು ತಾನು ಹೊರುವ ದಿನದವರೆಗೆ, ಅದರ ಆಚಾರಕ್ಕೆ ತಾವೇ ಹೊಣೆಗಾರರೆಂದು ತಿಳಿದು ಅವರು ನಡೆಯುತ್ತಾರೆ. ಮಕ್ಕಳ ಪರವಾಗಿ ಹೆತ್ತವರು ಕೊಡುವ ಸಮ್ಮತಿಯೆಂದರೆ ಏನೆಂಬುದನ್ನು ಶರಣಧರ್ಮವು ಹೀಗೆ ತೊಟ್ಟಿಲು ಕಟ್ಟುವ ಮೊದಲೇ ಕಲಿಸಿಕೊಟ್ಟಿದೆ.

ಈ ಸಮ್ಮತಿಯ ಮಾತು ಈಗ ಮತ್ತೊಂದು ದಿಕ್ಕಿನಿಂದ ಗೃಹಸ್ಥರ ಬಾಗಿಲಿಗೆ ಬಂದಿದೆ. ಭಾರತದ ಸಂಸತ್ತು 2023ನೆಯ ಆಗಸ್ಟ್ ತಿಂಗಳಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ 9ನೆಯ ಕಲಮು ಮಕ್ಕಳಿಗೆ ಸಂಬಂಧಿಸಿದ್ದು. 18 ವರ್ಷ ತುಂಬದವರೆಲ್ಲರೂ ಈ ಕಾಯಿದೆಯ ದೃಷ್ಟಿಯಲ್ಲಿ ಮಕ್ಕಳೇ. ಮಗುವಿನ ಹೆಸರು, ವಯಸ್ಸು, ಭಾವಚಿತ್ರ, ಅದು ಏನನ್ನು ನೋಡಿತು, ಯಾರೊಡನೆ ಮಾತನಾಡಿತು ಎಂಬ ವಿವರ, ಇವುಗಳನ್ನು ಯಾವುದೇ ಸಂಸ್ಥೆಯು ಬಳಸಿಕೊಳ್ಳಬೇಕಾದರೆ ಮೊದಲು ಮಗುವಿನ ತಾಯಿಯ ಅಥವಾ ತಂದೆಯ, ಅವರಿಲ್ಲದಿದ್ದಲ್ಲಿ ಕಾನೂನುಬದ್ಧ ಪಾಲಕರ, ಪರಿಶೀಲಿಸಲು ಬರುವಂಥ ಸಮ್ಮತಿಯನ್ನು ಪಡೆಯತಕ್ಕದ್ದು. ಸಮ್ಮತಿ ದೊರೆತ ಮೇಲೂ ಮಗುವಿನ ಕ್ಷೇಮಕ್ಕೆ ಕೇಡಾಗುವಂತೆ ಆ ವಿವರವನ್ನು ಬಳಸಕೂಡದು. ಅದರ ನಡವಳಿಕೆಯನ್ನು ಬೆನ್ನಟ್ಟಿ ಗಮನಿಸಕೂಡದು. ಅದನ್ನೇ ಗುರಿಯಾಗಿಟ್ಟು ಜಾಹೀರಾತುಗಳನ್ನು ತೋರಿಸಕೂಡದು. ಮಕ್ಕಳ ವಿಷಯದ ಈ ಕಟ್ಟಳೆಗಳನ್ನು ಮೀರಿದ ಸಂಸ್ಥೆಗೆ 200 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಕಾಯಿದೆಯ ನಿಯಮಗಳು 2025ನೆಯ ನವೆಂಬರ್ ತಿಂಗಳಿನಲ್ಲಿ ಪ್ರಕಟವಾದವು. ಸಮ್ಮತಿಯ ಕಟ್ಟಳೆಯು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ನೆಯ ಮೇ ತಿಂಗಳಿಗೆ, ಜಾರಿಗೆ ಬರುವಂತೆ ಅವು ರಚಿತವಾದವು. ಪಾಠಶಾಲೆ, ಆಸ್ಪತ್ರೆಗಳಿಗೆ ತಮ್ಮ ಕೆಲಸಕ್ಕೆ ಅವಶ್ಯವಾದಷ್ಟರ ಮಟ್ಟಿಗೆ ವಿನಾಯಿತಿಯುಂಟು. ಮಕ್ಕಳು ಹಗಲಿರುಳು ಕಣ್ಣಿಡುವ ಸಾಮಾಜಿಕ ಜಾಲತಾಣಗಳಾದರೋ ಈ ಕಟ್ಟಳೆಯೊಳಗೇ ಬರುತ್ತವೆ.

ಈ ಚಿಂತೆ ಭಾರತವೊಂದರದೇ ಅಲ್ಲ. ಅಮೆರಿಕೆಯು 1998ರಲ್ಲಿಯೇ 13 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಹೆತ್ತವರ ಸಮ್ಮತಿ ಬೇಕೆಂದು ಕಾಯಿದೆ ಮಾಡಿತು. ಹೆಚ್ಚಿನ ಜಾಲತಾಣಗಳು 13 ವರ್ಷವನ್ನೇ ಪ್ರವೇಶದ ಗೆರೆಯಾಗಿ ಎಳೆದುಕೊಂಡದ್ದು ಇದರಿಂದಲೇ. ಯುರೋಪಿನ ಒಕ್ಕೂಟವು 2018ರಿಂದ ಆ ಗೆರೆಯನ್ನು 16ಕ್ಕೆ ಏರಿಸಿ, ಬೇಕೆಂದ ದೇಶಗಳು 13ರವರೆಗೆ ಇಳಿಸಿಕೊಳ್ಳಬಹುದೆಂದಿತು. ಆಸ್ಟ್ರೇಲಿಯಾ ದೇಶವು ಇನ್ನೂ ಮುಂದೆ ಹೋಗಿ, 2025ನೆಯ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಜಾಲತಾಣಗಳಲ್ಲಿ ಖಾತೆಯನ್ನೇ ಇಟ್ಟುಕೊಳ್ಳದಂತೆ ಮಾಡಿತು. ಅಲ್ಲಿ ಹೆತ್ತವರು ಒಪ್ಪಿದರೂ ನಡೆಯದು. ಕರ್ನಾಟಕದ ಉಚ್ಚ ನ್ಯಾಯಾಲಯದ ಪೀಠವೊಂದು 2023ನೆಯ ಸೆಪ್ಟೆಂಬರ್‌ನಲ್ಲಿ ಒಂದು ಮೊಕದ್ದಮೆಯನ್ನು ಕೇಳುತ್ತಿದ್ದಾಗ, ಶಾಲೆಗೆ ಹೋಗುವ ಮಕ್ಕಳು ಇದಕ್ಕೆ ವ್ಯಸನಿಗಳಾಗಿರುವುದನ್ನು ನೆನೆದು, ಮದ್ಯಕ್ಕೆ ಇರುವಂತೆ ಇದಕ್ಕೂ ಒಂದು ವಯೋಮಿತಿ ಇರಬೇಕೆಂದು ಬಾಯಿಮಾತಿನಲ್ಲಿ ಅಭಿಪ್ರಾಯಪಟ್ಟಿತು. ಕೆಲವು ರಾಜ್ಯಗಳು ಬಾಗಿಲನ್ನೇ ಮುಚ್ಚುತ್ತಿವೆ. ಭಾರತದ 2023ರ ಕಾಯಿದೆಯು ಬೀಗದ ಕೈಯನ್ನು ತಾಯಿತಂದೆಗಳ ಕೈಗೆ ಕೊಟ್ಟಿದೆ. ಆದುದರಿಂದ ಆ ಕೈಯು ಎಂಥ ಕೈ ಎಂಬುದನ್ನು ಸದ್ಭಕ್ತರು ವಿಚಾರಿಸುವುದು ಅವಶ್ಯವಾಗಿದೆ.

ಶಿವಭಕ್ತನಿಗೆ ಅಂಗೈಯೆಂಬುದು ಸಾಮಾನ್ಯ ಅವಯವವಲ್ಲ. ಅದು ಕರಸ್ಥಲ, ಇಷ್ಟಲಿಂಗವು ಬಿಜಯಂಗೈಯುವ ಪೀಠ. ಅಲ್ಲಿ ದೃಷ್ಟಿಯನ್ನು ನಿಲ್ಲಿಸಿ ಮನಸ್ಸನ್ನು ಒಳಮುಖವಾಗಿ ತಿರುಗಿಸುವುದೇ ಶಿವಯೋಗದ ಮೊದಲ ಮೆಟ್ಟಿಲು. ಅದೇ ಅಂಗೈಯಲ್ಲಿ ಈಗ ಮೊಬೈಲು ಬಂದು ಕುಳಿತಿದೆ. ಅದರಲ್ಲಿಯೂ ದೃಷ್ಟಿ ನಿಲ್ಲುತ್ತದೆ. ಆದರೆ ಮನಸ್ಸು ಒಂದು ಕ್ಷಣವೂ ನಿಲ್ಲುವುದಿಲ್ಲ. ಬೆರಳು ಸರಿದಂತೆಲ್ಲ ಹೊಸ ಚಿತ್ರ, ಹೊಸ ಮಾತು, ಹೊಸ ಆಸೆ. ಇದು ಆಕಸ್ಮಿಕವೇನಲ್ಲ. ಜಾಲತಾಣವನ್ನು ನಡೆಯಿಸುವ ಸಂಸ್ಥೆಯು ನೋಡುವವನಿಂದ ಕಾಸು ಕೇಳುವುದಿಲ್ಲ. ನೋಡುವವನ ಕಣ್ಣನ್ನೇ ಜಾಹೀರಾತುದಾರರಿಗೆ ಮಾರುತ್ತದೆ. ಕಣ್ಣು ಎಷ್ಟು ಹೊತ್ತು ನಿಂತರೆ ಅಷ್ಟು ಲಾಭ. ಯಾವ ಚಿತ್ರದ ಮೇಲೆ ಮಗುವಿನ ದೃಷ್ಟಿ ಎಷ್ಟು ಹೊತ್ತು ತಂಗಿತೆಂಬುದನ್ನು ಯಂತ್ರವು ಲೆಕ್ಕವಿಟ್ಟು, ಮರುಗಳಿಗೆಯಲ್ಲಿ ಅದನ್ನೇ ಹೋಲುವ ಮತ್ತೊಂದನ್ನು ಮುಂದಿಡುತ್ತದೆ. ಅಂಗಡಿಕಾರನು ಗಿರಾಕಿಯ ಮನವರಿತು ಸರಕು ಬಿಚ್ಚುವನಷ್ಟೆ. ಈ ಅಂಗಡಿಯಲ್ಲಿ ಗಿರಾಕಿಯೇ ಸರಕು. ಹಿರಿಯರೂ ಇದರಲ್ಲಿ ಸಿಕ್ಕಿ ಹೊತ್ತು ಕಳೆಯುವಾಗ, ಇನ್ನೂ ಬುದ್ಧಿ ಬಲಿಯದ ಮಗುವಿನ ಗತಿಯನ್ನು ಹೇಳಬೇಕಾದ್ದಿಲ್ಲ.

ಇಂಥ ವಸ್ತುವು ಮನೆಯೊಳಗೆ ಬರುವಾಗ ಗೃಹಸ್ಥನು ಮಾಡತಕ್ಕದ್ದೇನು? ಇದಕ್ಕೆ ಶರಣರು ಕೊಟ್ಟ ಅಳತೆಗೋಲು ಅರ್ಪಿತ. ಭಕ್ತನು ಯಾವ ಪದಾರ್ಥವನ್ನೂ ಬಂದಂತೆಯೇ ಭೋಗಿಸುವುದಿಲ್ಲ. ಮೊದಲು ಅದನ್ನು ಕಣ್ಣಿಟ್ಟು ನೋಡಿ, ಹಸನುಗೊಳಿಸಿ, ಲಿಂಗಕ್ಕೆ ಅರ್ಪಿಸಿ, ಆ ಮೇಲೆ ಪ್ರಸಾದವಾಗಿ ಸ್ವೀಕರಿಸುತ್ತಾನೆ. ಈ ನಿಯಮವು ನಾಲಗೆಯ ರುಚಿಗೆ ಮಾತ್ರ ಮೀಸಲಲ್ಲ. ಕಣ್ಣಿನ ರೂಪಕ್ಕೂ ಕಿವಿಯ ಶಬ್ದಕ್ಕೂ ಇದೇ ನಿಯಮವೆಂದು ಶರಣರು ಸಾರಿದ್ದಾರೆ. ಲಿಂಗದ ಮುಂದೆ ಇಡಲು ನಾಚುವಂಥದು ಅನರ್ಪಿತ. ಅದು ಭಕ್ತನಿಗೆ ಸಲ್ಲದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಸುಮ್ಮನೆ ಒಲೆಗೆ ಏರಿಸಲಿಲ್ಲ. ನೋಡಿದಳು, ಅಳೆದಳು, ಆಸೆಯು ಮನೆಯೊಳಗೆ ಕಾಲಿಡುತ್ತಿರುವುದನ್ನು ಗುರುತಿಸಿದಳು. ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಗೇ ಹಿಂದಿರುಗಿಸೆಂದು ಗಂಡನಿಗೆ ಹೇಳಿದಳು. ಹೊಸ್ತಿಲು ದಾಟಿ ಒಳಗೆ ಬಂದುದನ್ನು ನೋಡಿಯೇ ಒಪ್ಪುವ ಗೃಹಿಣಿಯ ಆದರ್ಶವಿದು. ಕಾಯಿದೆಯು ಕೇಳುವ ಸಮ್ಮತಿಯನ್ನೂ ಇದೇ ಗೋಲಿನಿಂದ ಅಳೆಯಬೇಕು. ನೋಡಿ ಕೊಟ್ಟ ಸಮ್ಮತಿಯು ಅರ್ಪಿತ. ನೋಡದೆ ಕೊಟ್ಟ ಸಮ್ಮತಿಯು ಅನರ್ಪಿತ.

ಆದರೆ ಮನೆಮನೆಯಲ್ಲಿ ನಡೆಯುವುದೇನು? ವಾಡಿಯಲ್ಲಿ ಒಂದು ಗೃಹಸ್ಥರ ಮನೆಯಿದೆಯೆಂದು ಭಾವಿಸಿಕೊಳ್ಳಬಹುದು. ತಂದೆಯು ಸಿಮೆಂಟಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು. ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವವನು. ತಾಯಿಗೆ ಮನೆಗೆಲಸದಲ್ಲಿ ಪುರುಸೊತ್ತಿಲ್ಲ. ಹನ್ನೆರಡು ವರ್ಷದ ಮಗನು ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಖಾತೆಯೊಂದನ್ನು ತೆರೆಯುತ್ತಾನೆ. ಹುಟ್ಟಿದ ವರ್ಷವನ್ನು ಕೇಳಿದ ಕಡೆ ಏಳೆಂಟು ವರ್ಷ ಹಿಂದಕ್ಕೆ ಸರಿಸಿ ಬರೆಯುತ್ತಾನೆ. ಆಮೇಲೆ ಅಜ್ಜನ ಬಳಿಗೆ ಹೋಗಿ, “ಮುತ್ಯಾ, ನಿನ್ನ ಫೋನಿಗಿ ಒಂದು ನಂಬರ ಬಂದದ, ಓದಿ ಹೇಳು” ಎನ್ನುತ್ತಾನೆ. “ಯಾತರದೋ ಅದು?” ಎಂದು ಮುತ್ಯಾ ಕೇಳಿದರೆ, “ಸಾಲಿದು ಅದ ಮುತ್ಯಾ” ಎಂದು ಉತ್ತರ. ಮುತ್ಯಾನು ಕನ್ನಡಕ ಏರಿಸಿ ಅಂಕಿಗಳನ್ನು ಒಂದೊಂದಾಗಿ ಓದುತ್ತಾನೆ. ಸೇಡಮಿನ ಬಾಜಾರಿನಲ್ಲಿ ತೊಗರಿ ಮಾರುವಾಗ ತೂಕದಲ್ಲಿ ಒಂದು ಹಿಡಿ ಅತ್ತಿತ್ತ ಆಗಗೊಡದ ಹಿರಿಯನು ಆತ. ಅಂಥವನ ಬಾಯಿಂದಲೇ, ಆತನಿಗೆ ತಿಳಿಯದಂತೆ, ಒಂದು ಸುಳ್ಳಿಗೆ ಸಾಕ್ಷಿ ನುಡಿಸಲಾಯಿತು. ಯಂತ್ರದ ಲೆಕ್ಕದಲ್ಲಿ ಹಿರಿಯರ ಸಮ್ಮತಿ ದೊರೆತಂತಾಯಿತು.

ಮುಂದೊಂದು ಇರುಳು ಗುರುತಿಲ್ಲದವನೊಬ್ಬನು ಆ ಹುಡುಗನಿಗೆ ಸಂದೇಶ ಕಳಿಸುತ್ತಾನೆ. ಮೊದಲು ಹೊಗಳಿಕೆ, ಆಮೇಲೆ ಗೆಳೆತನ, ಆಮೇಲೆ ಒಂದು ಚಿತ್ರ ಕಳಿಸೆಂಬ ಒತ್ತಾಯ, ಕಡೆಗೆ ಬೆದರಿಕೆ. ಹುಡುಗನ ಎದೆ ನಡುಗುತ್ತದೆ. ಒಳಕೋಣೆಯಲ್ಲಿ ಅವ್ವ ಇದ್ದಾಳೆ, ಹೊರಸಿನ ಮೇಲೆ ಮುತ್ಯಾ ಇದ್ದಾನೆ. ಕೂಗಿದರೆ ಓಡಿ ಬರುವರು. ಆದರೂ ಅವನು ಕೂಗಲಾರ. ಕೂಗಿದರೆ, ವಯಸ್ಸಿನ ಸುಳ್ಳು, ಮುತ್ಯಾನಿಗೆ ಹೇಳಿದ ಸುಳ್ಳು, ಎಲ್ಲವೂ ಹೊರಬೀಳುತ್ತವೆ. ಒಳಗೆ ಹೋಗಲು ಬಾಗಿಲು ತೆರೆದ ಸುಳ್ಳೇ ಈಗ ಅವನ ಬಾಯಿಗೆ ಬೀಗ ಹಾಕಿದೆ. ಮಗುವಿಗೆ ನಿಜವಾದ ಅಪಾಯವು ಇಲ್ಲಿದೆ. ಜಗತ್ತಿನಲ್ಲಿ ಕೆಟ್ಟವರು ಎಂದಿಗೂ ಇದ್ದರು. ಆದರೆ ಕೆಟ್ಟವನು ಎದುರಾದಾಗ ಹೆತ್ತವರನ್ನು ಕರೆಯಲಾರದ ಸ್ಥಿತಿಗೆ ಮಗುವು ಬರುವುದಕ್ಕಿಂತ ದೊಡ್ಡ ಅನಾಥತ್ವವು ಮತ್ತೊಂದಿಲ್ಲ.

ಆದುದರಿಂದ ಈ ವಿಷಯದಲ್ಲಿ ಮೊದಲು ನೆನೆಯಬೇಕಾದುದು ಪಂಚಾಚಾರಗಳಲ್ಲಿ ಒಂದಾದ ಸದಾಚಾರವನ್ನು. ಸತ್ಯವನ್ನು ಬಿಟ್ಟು ಗಳಿಸಿದುದು ಏನೇ ಆಗಲಿ, ಅದು ಭಕ್ತನ ಮನೆಗೆ ಸಲ್ಲದೆಂಬುದು ಬಸವಾದಿ ಪ್ರಮಥರ ನಿಲುವು. ವಚನಕಾರರು ತಮ್ಮ ಪ್ರತಿಯೊಂದು ನುಡಿಯ ಕೊನೆಯಲ್ಲಿ ಅಂಕಿತವನ್ನಿಟ್ಟರು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುವಿನದು ಗುಹೇಶ್ವರ. ತಮ್ಮ ಇಷ್ಟದೈವವನ್ನೇ ಸಾಕ್ಷಿಗೆ ಕರೆದು ನುಡಿದವರು ಹುಸಿಯನ್ನು ನುಡಿಯಲು ಹೇಗೆ ಸಾಧ್ಯ? ಮಾತಿಗೆ ಮುದ್ರೆಯೊತ್ತುವುದೆಂದರೆ ಮಾತಿನ ಹೊಣೆಯನ್ನು ಹೊರುವುದು. ಆ ಪರಂಪರೆಯ ಮಗುವು ಜಗತ್ತಿನೆದುರು ಮಾತನಾಡಲು ಹೊರಡುವಾಗ ಅದರ ಮೊಟ್ಟಮೊದಲ ಮುದ್ರೆಯೇ ಸುಳ್ಳಿನದಾಗಬಾರದು. ಲೌಕಿಕ ನ್ಯಾಯವೂ ಇದನ್ನೇ ಹೇಳುತ್ತದೆ. ಖಾತೆ ತೆರೆಯುವುದೆಂದರೆ ಸಂಸ್ಥೆಯೊಡನೆ ಒಂದು ಕರಾರು ಮಾಡಿಕೊಂಡಂತೆ; 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವರಿಗೆ ಕರಾರು ಮಾಡುವ ಅರ್ಹತೆಯಿಲ್ಲ. ಹನ್ನೆರಡು ವರ್ಷದವನಿಗೆ ಒಂದು ಎಕರೆ ಹೊಲವನ್ನು ಮಾರಲು ಬಾರದಷ್ಟೆ. ತನ್ನ ಹೆಸರು, ಮುಖ, ಮನಸ್ಸುಗಳನ್ನು ಮಾರಲು ಮಾತ್ರ ಬರುವುದೆ?

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಕಾಯಿದೆಯು ಹೆತ್ತವರನ್ನು ಕೇಳೆನ್ನುತ್ತದೆ. ಆದರೆ ಹೆತ್ತವರು ಮನೆಯಲ್ಲಿ ಇಲ್ಲದಿದ್ದರೆ? ಚಿಂಚೋಳಿ, ಸೇಡಂ ಸೀಮೆಯ ಎಷ್ಟೋ ಮನೆಗಳ ಗಂಡಹೆಂಡಿರು ಸುಗ್ಗಿ ಮುಗಿದ ಮೇಲೆ ದುಡಿಮೆಗೆಂದು ಹೈದರಾಬಾದು, ಪುಣೆ, ಮುಂಬಯಿಗಳಿಗೆ ಹೋಗುತ್ತಾರೆ. ಮಕ್ಕಳು ಮುತ್ಯಾ-ಆಯಿಯರ ಹತ್ತಿರ ಉಳಿಯುತ್ತಾರೆ. ಅಂಥ ಮಗುವಿಗೆ ಮೊಬೈಲು ಆಟಿಗೆಯಾಗಿರದೆ, ದೂರದ ಅವ್ವನ ಮುಖವನ್ನು ಕಾಣುವ ಕಿಟಕಿಯೂ ಆಗಿದೆ. ಅದನ್ನು ಕಸಿದುಕೊಳ್ಳಿರೆಂದು ಯಾವ ಧರ್ಮವೂ ಹೇಳಲಾರದು. 2020ರಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವು ಹುಡುಗರ ಬಳಿಗೆ ಬಂದದ್ದೂ ಇದೇ ಕಿಟಕಿಯಿಂದ. ಆದುದರಿಂದ ಪ್ರಶ್ನೆಯು ಕಿಟಕಿ ಇರಬೇಕೆ ಬೇಡವೆ ಎಂಬುದಲ್ಲ. ಅದರ ಬಳಿಯಲ್ಲಿ ಯಾರು ಕುಳಿತಿರಬೇಕೆಂಬುದು. ದೂರದಲ್ಲಿರುವ ತಂದೆಯು ದಿನಕ್ಕೊಮ್ಮೆ ಮಗನೊಡನೆ ಮಾತನಾಡುವಾಗ, ಉಂಡೆಯಾ, ಓದಿದೆಯಾ ಎಂದು ಕೇಳುವುದರ ಜೊತೆಗೆ, ಇಂದು ಏನು ನೋಡಿದೆ, ಯಾರು ಮಾತನಾಡಿಸಿದರು ಎಂದೂ ಕೇಳುವುದಾದರೆ, ಆತನು ಪುಣೆಯಲ್ಲಿದ್ದರೂ ಮಗನ ಬಳಿಯಲ್ಲಿ ಕುಳಿತಂತೆಯೇ.

ತಮಗೆ ಆ ಯಂತ್ರವೇ ಬಾರದು, ಮಕ್ಕಳಿಗೇ ಹೆಚ್ಚು ತಿಳಿಯುತ್ತದೆ ಎನ್ನುವ ಹಿರಿಯರಿದ್ದಾರೆ. ಇದು ನಿಜ, ಆದರೆ ಇದು ನೆಪವಾಗಬಾರದು. ಭೃತ್ಯಾಚಾರವೆಂಬುದು ಶರಣನಿಗೆ ವಿನಯವನ್ನು ಕಲಿಸುವ ಆಚಾರ. ಬಲ್ಲವನು ಕಿರಿಯನಾದರೂ ಅವನಿಂದ ಕಲಿಯಲು ನಾಚದಿರುವುದು ಅದರ ಲಕ್ಷಣ. “ಬಾ ತಮ್ಮಾ, ಇದು ಹ್ಯಾಂಗ ನಡೀತದ ನನಗೂ ತೋರಸು” ಎಂದು ಅಜ್ಜನು ಮೊಮ್ಮಗನ ಪಕ್ಕದಲ್ಲಿ ಕುಳಿತರೆ, ಆ ಅರ್ಧ ಗಳಿಗೆಯಲ್ಲಿ ಅಜ್ಜನು ಯಂತ್ರವನ್ನು ಕಲಿಯುವನು. ಮೊಮ್ಮಗನು ತನ್ನ ಲೋಕಕ್ಕೆ ಅಜ್ಜನನ್ನು ತಾನೇ ಕರೆದುಕೊಂಡು ಹೋದಂತಾಗುವುದು. ಹೀಗೆ ಒಮ್ಮೆ ಕರೆದುಕೊಂಡು ಹೋದವನಿಗೆ ಆಪತ್ತಿನಲ್ಲಿ ಮತ್ತೊಮ್ಮೆ ಕರೆಯಲು ನಾಚಿಕೆಯಾಗುವುದಿಲ್ಲ. ಬೈದು, ಹೊಡೆದು, ಕಸಿದುಕೊಂಡು ಕಾಯುವ ಕಾವಲಿಗಿಂತ ಇದು ಬಲವಾದ ಕಾವಲು.

ಇನ್ನೊಂದು ಮಾತನ್ನು ಗೃಹಸ್ಥರು ತಮ್ಮ ಮನಸ್ಸಿಗೆ ನೋವಾದರೂ ವಿಚಾರಿಸಬೇಕಾಗಿದೆ. ಹೆತ್ತವರು ಒಪ್ಪಿದ ಮಾತ್ರಕ್ಕೆ ಯಾವ ಕಾರ್ಯವೂ ಧರ್ಮವಾಗದು. ಬಾಲ್ಯವಿವಾಹಗಳೆಲ್ಲ ಹೆತ್ತವರ ಸಮ್ಮತಿಯಿಂದಲೇ ನಡೆದವು. ಆರತಿ, ಅಕ್ಷತೆ, ಬಂಧುಬಳಗ ಎಲ್ಲವೂ ಇದ್ದವು. ಕೂಸಿನ ಹಿತವೊಂದು ಇರಲಿಲ್ಲ. ಅದನ್ನು ತಡೆಯಲು 1929ರಲ್ಲಿ ಒಂದು ಕಾಯಿದೆ, 2006ರಲ್ಲಿ ಮತ್ತೊಂದು ಬರಬೇಕಾಯಿತು. ಕರ್ನಾಟಕವು ಅದಕ್ಕೆ ತಿದ್ದುಪಡಿ ತಂದು ಬಾಲ್ಯವಿವಾಹವು ಮೊದಲಿನಿಂದಲೂ ಅಸಿಂಧುವೆಂದು ಸಾರಿತು. ಹೆತ್ತವರ ಅನುಕೂಲಕ್ಕಾಗಿ ಕೊಟ್ಟ ಒಪ್ಪಿಗೆಯಿಂದ ಮಗುವನ್ನು ಪಾರುಮಾಡಲು ರಾಜ್ಯವೇ ನಡುವೆ ಬರಬೇಕಾಯಿತೆಂಬುದನ್ನು ಮರೆಯಲಾಗದು. ಅಳುವ ಕೂಸಿನ ಬಾಯಿ ಮುಚ್ಚಿಸಲು ಅದರ ಕೈಗೆ ಮೊಬೈಲು ಕೊಡುವುದೂ, ಉಣ್ಣುವಾಗ ಅದರ ಮುಂದೆ ಚಿತ್ರಗಳನ್ನು ಕುಣಿಸುವುದೂ ಇದೇ ಜಾತಿಯ ಒಪ್ಪಿಗೆಗಳು. ಅವುಗಳಲ್ಲಿ ಮಗುವಿನ ಹಿತಕ್ಕಿಂತ ಹೆತ್ತವರ ಬಿಡುವೇ ಮುಖ್ಯವಾಗಿರುತ್ತದೆ. ಸಮ್ಮತಿಯ ಒತ್ತುಗುಂಡಿಯನ್ನು ಮುಟ್ಟುವ ಮೊದಲು ತಾಯಿತಂದೆಗಳು, ಇದು ಯಾರ ಸುಖಕ್ಕಾಗಿ ಎಂದು ತಮ್ಮನ್ನು ತಾವು ಕೇಳಿಕೊಳ್ಳತಕ್ಕದ್ದು.

ಈ ವಿಚಾರಕ್ಕೆ ದೃಷ್ಟಾಂತವೊಂದು ಶಹಾಬಾದದ ಸಮೀಪದಲ್ಲಿಯೇ ಇದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಅಲ್ಲಿಯ ಮರತೂರಿನವನೆಂದು ಈ ನಾಡು ನಂಬಿ ನಡೆದಿದೆ. ಶರಣರು ಸ್ಮೃತಿಗಳನ್ನು ಪ್ರಮಾಣವಾಗಿ ಹಿಡಿದವರಲ್ಲ; ಆದರೂ ಭಾರತದ ಬಹುಭಾಗದ ನ್ಯಾಯಸ್ಥಾನಗಳು ಶತಮಾನಗಳ ಕಾಲ ಮನ್ನಿಸಿದ ಆ ಗ್ರಂಥದ ಒಂದು ತತ್ತ್ವವು ಇಲ್ಲಿ ನೆನೆಯತಕ್ಕದ್ದಾಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದೊಡನೆಯೇ ಹಕ್ಕು ಉಂಟಾಗುತ್ತದೆ; ತಂದೆಯು ಅದರ ನಿರ್ವಾಹಕನೇ ಹೊರತು ಮನಬಂದಂತೆ ಕಳೆಯುವ ಒಡೆಯನಲ್ಲವೆಂಬುದು ಆ ತತ್ತ್ವ. 2005ರ ತಿದ್ದುಪಡಿಯಿಂದ ಮಗಳಿಗೂ ಇದೇ ಹಕ್ಕು ಪ್ರಾಪ್ತವಾಯಿತು. ಹೊಲಮನೆಗಳ ವಿಷಯದಲ್ಲಿ ಹೀಗಾದರೆ, ಮಗುವಿನ ಮುಖ, ಹೆಸರು, ಮಾನಗಳ ವಿಷಯದಲ್ಲಿ ಹೇಗಿರಬೇಕು? ಮಗು ನಡೆದದ್ದು, ಎಡವಿದ್ದು, ಅತ್ತದ್ದು, ಪರೀಕ್ಷೆಯಲ್ಲಿ ಸೋತದ್ದು, ಮಿಂದದ್ದು, ಎಲ್ಲವನ್ನೂ ಊರವರ ಮುಂದೆ ಚಿತ್ರವಾಗಿ ಹರಡುವ ತಾಯಿತಂದೆಗಳು, ನಾಳೆ ದೊಡ್ಡವನಾದ ಮಗನು ಅದರ ಲೆಕ್ಕ ಕೇಳಿದರೆ ಏನು ಹೇಳುವರು? ಮಕ್ಕಳ ಪರವಾಗಿ ಸಮ್ಮತಿ ಕೊಡುವ ಅಧಿಕಾರವು ನ್ಯಾಸವಾಗಿ ಬಂದದ್ದು. ನ್ಯಾಸದ ಒಡವೆಯನ್ನು ಒತ್ತೆಯಿಡಲು ಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಮತ್ತೂ ಎಚ್ಚರ ಬೇಕು. ಹೆತ್ತವರ ಕೈಗೆ ಬೀಗದ ಕೈ ಬಂದಿತೆಂದು, ಮಗನಿಗೆ ಬಾಗಿಲು ತೆರೆದು ಮಗಳಿಗೆ ಮಾತ್ರ ಮುಚ್ಚುವ ಮನೆಗಳು ಇರಬಹುದು. ಹಾಗೆ ಮಾಡಿದವರು ಕಾಯಿದೆಯನ್ನು ಪಾಲಿಸಿದಂತೆ ಕಂಡರೂ ಶಿವಾಚಾರವನ್ನು ಮುರಿದಂತೆಯೇ. ಲಿಂಗವಂತರಲ್ಲಿ ಮೇಲುಕೀಳಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲವೆಂಬುದು ಶಿವಾಚಾರದ ಸಾರ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುವು ಆಕೆಯನ್ನು ಕಠಿನವಾದ ಪ್ರಶ್ನೆಗಳಿಂದ ಒರೆಗೆ ಹಚ್ಚಿದುದನ್ನು ಶೂನ್ಯಸಂಪಾದನೆಯು ವಿಸ್ತರಿಸಿದೆ. ಹೊಸ್ತಿಲಲ್ಲಿ ಪ್ರಶ್ನೆ ಕೇಳುವುದು ಅವಮಾನವಲ್ಲ. ಒಳಗೆ ಬರಲು ಸಿದ್ಧಳಾಗಿದ್ದಾಳೆಯೆ ಎಂದು ತಿಳಿಯುವ ಕ್ರಮ. ಆದರೆ ಉತ್ತರ ಕೊಟ್ಟ ಮೇಲೆ ಆಕೆಯನ್ನು ಹೊರಗೆ ನಿಲ್ಲಿಸಲಿಲ್ಲ. ಶರಣರೆಲ್ಲ ಆಕೆಯನ್ನು ಅಕ್ಕನೆಂದು ಕರೆದರು. ಹೆತ್ತವರೂ ಹಾಗೆಯೇ ಮಗಳನ್ನೂ ಮಗನನ್ನೂ ಒಂದೇ ಪ್ರಶ್ನೆಯಿಂದ ಒರೆಗೆ ಹಚ್ಚಲಿ. ವಿವೇಕವನ್ನು ತೋರಿದ ಮಗುವಿಗೆ, ವಯಸ್ಸಿಗೆ ತಕ್ಕಂತೆ, ಒಂದೊಂದೇ ಬಾಗಿಲನ್ನು ತೆರೆಯಲಿ. ಕೇಡು ಮಾಡಿದವನು ಹೊರಗಿನವನಾಗಿರುವಾಗ ಶಿಕ್ಷೆಯನ್ನು ಮಗಳ ಓದಿಗೆ ವಿಧಿಸುವುದು ನ್ಯಾಯವಲ್ಲ.

ಒಂದು ಮನೆಯ ಎಚ್ಚರವು ಆ ಮನೆಗೇ ಸಾಲದು. ತನ್ನ ಮಗನಿಗೆ ತಂದೆಯು ಬೇಡವೆಂದುದನ್ನು ನೆರೆಮನೆಯ ಗೆಳೆಯನ ಮೊಬೈಲಿನಲ್ಲಿ ಅವನು ನೋಡಬಲ್ಲನು. ಆದುದರಿಂದ ಇದು ಗಣಾಚಾರದ ವಿಷಯವೂ ಹೌದು. ತನ್ನ ಆಚಾರವನ್ನು ತಾನೊಬ್ಬನೇ ಕಾಯುವುದರಲ್ಲಿ ತೃಪ್ತನಾಗದೆ, ಸಮೂಹದ ಆಚಾರಕ್ಕೆ ಕುಂದು ಬಂದಲ್ಲಿ ಎದ್ದು ನಿಲ್ಲುವುದು ಗಣಾಚಾರ. ಒಂದು ಓಣಿಯ ಹತ್ತು ಮನೆಯವರು ಶ್ರಾವಣದ ಪುರಾಣಕ್ಕೆ ಕೂಡಿದಾಗಲೋ ಶಿವಾನುಭವದ ದಿನವೋ ಒಟ್ಟಿಗೆ ಕುಳಿತು, ಇಷ್ಟು ವಯಸ್ಸಿನವರೆಗೆ ನಮ್ಮ ಓಣಿಯ ಮಕ್ಕಳಿಗೆ ಸ್ವಂತ ಖಾತೆ ಬೇಡ, ರಾತ್ರಿ ಊಟವಾದ ಮೇಲೆ ಎಲ್ಲರ ಮೊಬೈಲೂ ಪಡಸಾಲೆಯ ಗೂಡಿನಲ್ಲಿರಲಿ ಎಂದು ನಿಶ್ಚಯಿಸಿದರೆ, ಯಾವ ಮಗುವಿಗೂ ತನ್ನೊಬ್ಬನನ್ನೇ ಕಟ್ಟಿಹಾಕಿದರೆಂಬ ದುಃಖವಿರದು. ಆ ಗೂಡಿನಲ್ಲಿ ತಂದೆಯ ಮೊಬೈಲೂ ಇರಬೇಕೆಂಬುದನ್ನು ಬೇರೆ ಹೇಳಬೇಕಾದ್ದಿಲ್ಲ. ತಾನು ಆಚರಿಸದುದನ್ನು ಬೋಧಿಸುವವನ ಮಾತು ಶರಣರ ಮನೆಯಲ್ಲಿ ಎಂದೂ ನಡೆದಿಲ್ಲ. ಯಾವ ಮಗುವಾದರೂ ಆಪತ್ತಿಗೆ ಸಿಕ್ಕಿದುದು ತಿಳಿದಾಗ ಮಾನಕ್ಕೆ ಅಂಜಿ ಮುಚ್ಚಿಡದೆ, ಮಕ್ಕಳ ಸಹಾಯವಾಣಿಯಾದ 1098ಕ್ಕೂ, ಹಣದ ಮೋಸ ಮೊದಲಾದ ಸೈಬರ್ ಅಪರಾಧಗಳಿಗೆ ಮೀಸಲಾದ 1930ಕ್ಕೂ ತಿಳಿಸುವುದು ಗಣಾಚಾರದ ಭಾಗವೇ.

ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಡದಲ್ಲಿ, ಅಶೋಕ ಚಕ್ರವರ್ತಿಯ ಶಾಸನಗಳು ದೊರೆತಿವೆ. ಪ್ರಜೆಗಳೆಲ್ಲರನ್ನೂ ತನ್ನ ಮಕ್ಕಳೆಂದು ಭಾವಿಸಿ ಅವರ ಇಹಪರಗಳ ಹಿತವನ್ನು ಬಯಸಿದ ಅರಸನು ಆತ. ಆ ಭಾವನೆಯನ್ನು ಕಲ್ಲಿನ ಮೇಲೆ ಕೊರೆಸಿ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಾದವು. ಕಲ್ಲು ಉಳಿಯಿತು, ಕಲ್ಲಿನಲ್ಲಿದ್ದುದನ್ನು ಓದುವವರೇ ಬಹುಕಾಲ ಇರಲಿಲ್ಲ. ಕಾಯಿದೆಗಳ ಗತಿಯೂ ಹೀಗೆಯೇ. ರಾಜ್ಯವು ತಾಯಿಯಂತೆ ಮಕ್ಕಳ ಹಿತವನ್ನು ಚಿಂತಿಸಿ ಕಟ್ಟಳೆಯನ್ನು ಬರೆಯಬಹುದು. ಸಂಸ್ಥೆಗಳಿಗೆ ದಂಡ ವಿಧಿಸಬಹುದು. ಅದು ರಾಜ್ಯದ ಕರ್ತವ್ಯವೇ ಸರಿ,  ಅದನ್ನು ನೆರವೇರಿಸೆಂದು ಕೇಳುವುದು ಪ್ರಜೆಗಳ ಹಕ್ಕೂ ಹೌದು. ಆದರೆ ಪಡಸಾಲೆಯಲ್ಲಿ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಲು ಯಾವ ಕಾಯಿದೆಗೂ ಬಾರದು. ಒಪ್ಪಿಗೆ ಕೊಟ್ಟವರು ವಯಸ್ಕರೇ ಎಂಬುದನ್ನು ಯಂತ್ರವು ಪರಿಶೀಲಿಸಬಲ್ಲದು. ಅವರು ಕಣ್ಣಿಟ್ಟು ನೋಡಿ ಒಪ್ಪಿದರೆ ಎಂಬುದನ್ನು ಅವರ ಅಂತಃಸಾಕ್ಷಿಯೊಂದೇ ಬಲ್ಲದು.

ವಾಡಿಯ ಜಂಕ್ಷನ್ನಿನಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಗಳು ಕವಲೊಡೆದು, ಒಂದು ರಾಯಚೂರಿನ ಕಡೆಗೂ ಮತ್ತೊಂದು ಚಿತ್ತಾಪುರ, ಸೇಡಂಗಳ ಮೇಲೆ ಹೈದರಾಬಾದಿನ ಕಡೆಗೂ ಹೋಗುತ್ತವೆ. ಕವಲಿನಲ್ಲಿ ಹಳಿಯು ಸರಿಯುವುದು ಕೆಲವೇ ಅಂಗುಲ. ಆದರೆ ಬಂಡಿಯು ಸೇರುವ ಊರೇ ಬೇರೆಯಾಗುತ್ತದೆ. ಮಗುವಿನ ಬಾಳಿನಲ್ಲಿ ಹೆತ್ತವರ ಒಪ್ಪಿಗೆಯೂ ಇಂಥದೇ ಒಂದು ಕವಲು. ಬೆರಳಿನ ಒಂದು ಸ್ಪರ್ಶ ಅದು; ನೋಡದೆ ಒತ್ತಿದರೆ ಒಂದು ದಾರಿ, ನೋಡಿ ಒತ್ತಿದರೆ ಮತ್ತೊಂದು.

ಆ ಮನೆಯ ಮುತ್ಯಾನು ಅಂಕಿಗಳನ್ನು ಓದಿ ಹೇಳುವ ಮೊದಲು, “ತಮ್ಮಾ, ಖರೇ ಹೇಳು, ಇದು ಯಾತರದು? ಬೈಯಂಗಿಲ್ಲ, ಇಬ್ರೂ ಕೂಡಿ ನೋಡಮು” ಎಂದು ಒಂದು ಮಾತು ಕೇಳಿದ್ದರೆ, ಆ ಒಂದು ಮಾತಿನಲ್ಲಿ ಕಾಯಿದೆಯ ಉದ್ದೇಶವೂ ಶರಣರ ಆಚಾರವೂ ಎರಡೂ ನೆರವೇರುತ್ತಿದ್ದವು. ಇಂದೂ ಹೊತ್ತು ಮೀರಿಲ್ಲ. ಈಗಾಗಲೇ ಸುಳ್ಳು ವಯಸ್ಸು ಬರೆದು ಒಳಹೊಕ್ಕ ಮಕ್ಕಳು ಬಹಳ ಮನೆಗಳಲ್ಲಿ ಇರಬಹುದು. ಅವರನ್ನು ಕರೆದು ಕೂಡಿಸಿಕೊಂಡು, ಹೇಳಿದ ಸುಳ್ಳಿಗೆ ಮನ್ನಣೆಯಿಲ್ಲ, ಆದರೆ ಹೇಳಿಕೊಂಡ ನಿಜಕ್ಕೆ ಶಿಕ್ಷೆಯಿಲ್ಲ ಎಂದು ಅಭಯ ಕೊಡುವುದು ಹೆತ್ತವರ ಮೊದಲ ಕರ್ತವ್ಯ. ತಪ್ಪನ್ನು ಒಪ್ಪಿಕೊಂಡು ಬಂದವರನ್ನು ತಮ್ಮವರೆಂದು ಅಪ್ಪಿಕೊಂಡ ಮಹಾಮನೆಯ ಪರಂಪರೆಯವರಿಗೆ ಇದು ಕಷ್ಟವಾಗಲಾರದು.

ಹುಟ್ಟುವ ಮೊದಲೇ ಮಗುವಿಗಾಗಿ ಲಿಂಗವನ್ನು ಒಪ್ಪಿಕೊಂಡ ತಾಯಿಯು, ಆ ಮಗುವಿನ ಕರಸ್ಥಲವು ಬರಿದಾಗದಂತೆಯೂ ಮಲಿನವಾಗದಂತೆಯೂ ಕಾಯಲಿ. ತಂದೆಯು ಆಕೆಯೊಡನೆ ನಿಲ್ಲಲಿ. ಮಗುವು ನಿರ್ಭಯವಾಗಿ ನಿಜವನ್ನು ನುಡಿಯಲಿ. ಶರಣರ ಕೃಪೆಯಿಂದ ಸಕಲ ಗೃಹಸ್ಥರ ಮನೆಗಳಲ್ಲಿಯೂ ಸನ್ಮಂಗಳವುಂಟಾಗಲಿ.